ಹಿಂದಿನ ಮಗ್ಗಲು

ಆಡಿಟ್ ಸಾಹೇಬ್ರು ಬರದು ಹೋಗಿದ್ದು ಒಂದ ಸಾಲು:
‘ಗಣಕಯಂತ್ರ ವ್ಯವಸ್ಥೆ ಅಸುರಕ್ಷಿತ.’
ಅದರ ಕೆಳಗ ಹಸಿರು ಶಾಯಿ ಸಹಿ,
ಸಹಿ ಕೆಳಗ ಚಹಾದ ಕಪ್ಪಿನ ದುಂಡನ ಕಲೆ.

ಬೆಟಗೇರಿ ನೇಕಾರರ ಪತ್ತಿನ ಸಂಘದಾಗ
ಹದಿನಾಕು ವರ್ಷ ಒಂದ ಸರ್ವರ್ ಲೆಕ್ಕಾ ಹೊತ್ತೈತಿ.
ಹುಬ್ಬಳ್ಳಿ ದುರ್ಗದಬೈಲಿನಾಗ ಯಾರೋ ಮಾರಿದ ಸಿಡಿ,
ಅದರ ಮ್ಯಾಲ ಮಾರ್ಕರ್‌ಲೆ ಗೀಚಿದ ಹೆಸರು,
ಅದ ನಮ್ಮ ಬುನಾದಿ.
ಹರದಲ್ಲಿ ತ್ಯಾಪಿ ಹಚ್ಚಾಕ ಯಾರೂ ಬರಲಿಲ್ಲ, ನಾವೂ ಕರೀಲಿಲ್ಲ.
ಎಂಟುನೂರಾ ಹನ್ನೆರಡು ಮಂದಿ ಖಾತೆ,
ಅಡವಿಟ್ಟ ಬೋರಮಾಳದ ತೂಕ, ಜಾಮೀನು ನಿಂತವರ ಹೆಸರು,
ಎಲ್ಲಾ ಆ ಧೂಳು ತಿಂದ ಡಬ್ಬಿಯೊಳಗ,
ಕದಾ ತೆರದಿಟ್ಟು ಮಲಗಿದಂಗ.

ಕಮಿಟಿ ಕೂಡ್ತು. ಮಿರ್ಚಿ ಬಂದುವು.
ಅಧ್ಯಕ್ಷ ಚೆನ್ನವೀರಪ್ಪ ಬಣ್ಣದ ಅಂದ್ರು:
‘ವಿಂಡೋಸ್ ತರೂಣು. ಪಾವತಿ ಇರತೈತಿ, ಕಂಪನಿ ಇರತೈತಿ,
ನಾಳೆ ಏನರ ಆದ್ರ ಬಯ್ಯಾಕ ಒಂದು ನಂಬರ್ ಇರತೈತಿ.’
ಅಂಥಾ ನಂಬರಿಗೆ ನಾ ಒಮ್ಮೆ ಫೋನ್ ಹಚ್ಚೀನ್ರಿ, ಅಂದೆ,
ನಲವತ್ತು ನಿಮಿಷ ಕೊಳಲು ಕೇಳೀನಿ.

ವಿಠ್ಠಲಸಾ ಬಾಕಳೆ ಚಷ್ಮಾ ಒರಿಸಿಕೋತ:
‘ಲಿನಕ್ಸ್ ಪುಕ್ಕಟೆ ಅಂತಲ್ಲ? ಪುಕ್ಕಟೆ ಅಂದ್ರ ನನಗ ಅಂಜಿಕಿ.
ರೊಕ್ಕಾ ತಗೊಳ್ಳದವ ಬ್ಯಾರೆ ಏನೋ ತಗೋತಾನ.
ಮ್ಯಾಲ ಅದರ ಒಡಲು ಯಾರು ಬೇಕಾದವರು ನೋಡಬಹುದಂತ.
ಕಳ್ಳನೂ ನೋಡತಾನಲ್ಲ?’

ಸುಳ್ಳಲ್ಲ. ನಾನು ಗ್ವಾಡಿ ನೋಡಿದೆ.

ಕದದ ಹಂತ್ಯಾಕ ತಿಪ್ಪವ್ವ ಕುಂತಿದ್ಲು,
ಕಂತು ತುಂಬಿ, ರಸೀದಿಗೆ ಕಾಯಕೋತ,
ತೊಡಿ ಮ್ಯಾಲ ಅಂಗಡಿಗೆ ಕೊಡೂ ಸೀರಿ.
‘ಸೀರಿ ಹ್ಯಾಂಗ ನೋಡಿ ತಗೋತೀರ್ರೀ ನೀವು?’
ಯಾರನ್ನ ಕೇಳಿದ್ಲೊ ಗೊತ್ತಾಗಲಿಲ್ಲ.
ಸೆರಗು ತಿರುವಿ ಹಿಂದಿನ ಮಗ್ಗಲು ಬೆಳಕಿಗೆ ಹಿಡದ್ಲು:
ಗಂಟು, ಕಡದ ಎಳಿ,
ಒಂದ ಕಡೆ ತಪ್ಪಿ ಮತ್ತ ಹಾದಿ ಹಿಡದ ಹೊಕ್ಕು.
‘ತಪ್ಪಿದ್ದಲ್ಲಿ ಬಟ್ಟ ಇಟ್ಟು ತೋರಸಬಹುದು.
ಮುಂದಿನ ಬಣ್ಣ ಅಷ್ಟ ನೋಡಿದವರು
ಮೊದಲನೇ ಒಗತಕ್ಕ ಜಗಳಾ ತಗೊಂಡು ಬರತಾರ.’
ರಸೀದಿ ಬಂತು. ಮಡಚಿ ಕುಬಸದಾಗ ಇಟಗೊಂಡು ಹ್ವಾದ್ಲು.

ಅಷ್ಟಕ್ಕ ಠರಾವು ಆಗಲಿಲ್ಲ.
ಗಂಟು ನೋಡಾಕ ಕಣ್ಣು ಬೇಕು, ಕಣ್ಣಿಗೆ ಪಗಾರ ಬೇಕು.
‘ರಾತ್ರಿ ಎರಡಕ್ಕ ಕೆಟ್ರ ಯಾರು ಬರತಾರ?’ ಬಾಕಳೆಯವರು.
ಎಲ್ಲಾರೂ ನನ್ನ ಕಡೆ ನೋಡಿದ್ರು.
ನಾನು ಡಿಪ್ಲೊಮಾ, ಸೆಕೆಂಡ್ ಕ್ಲಾಸ್, ಪಗಾರ ಹನ್ನೊಂದು ಸಾವಿರ.
ಲೈಸನ್ಸಿಗೆ ಕೊಡೂ ರೊಕ್ಕದಾಗ ಅರ್ಧಾ ನನಗ ಕೊಡ್ರಿ, ಅಂದೆ,
ಇನ್ನರ್ಧಾ ಬ್ಯಾಕಪ್ ಡಿಸ್ಕಿಗೆ.
ಮಿರ್ಚಿ ಆರಿದ್ವು. ಯಾರೋ ಕೆಮ್ಮಿದ್ರು.
ಠರಾವು ನಂಬರ್ ಹದಿನೇಳು: ಡೆಬಿಯನ್, ಸರ್ವಾನುಮತ.
ನನ್ನ ಅರ್ಧಾ ‘ಮುಂದಿನ ಸಭೆಗೆ’ ಅಂತ ಬರಕೊಂಡ್ರು.

ಹಾಕೂ ದಿನ ಕರೆಂಟ್ ಎರಡು ಸಲ ಹೋತು.
ವಾಚಮನ್ ಮಾಬುಸಾಬ ಟಾರ್ಚ್ ಹಿಡದಿದ್ದ.
ಬ್ಯಾಡಾದ ಪೋರ್ಟ್ ಒಂದೊಂದ ಮುಚ್ಚಿದೆ:
ಇಪ್ಪತ್ತೊಂದು ಮುಚ್ಚಿದೆ, ಇಪ್ಪತ್ತಮೂರು ಮುಚ್ಚಿದೆ,
ಇಪ್ಪತ್ತೆರಡಕ್ಕ ಕೀಲಿ ಜಡದು ಕೀಲಿಕೈ ನನ್ನಂತೇಕ ಇಟಗೊಂಡೆ.
‘ಒಂದ ಮನಿಗೆ ಇಷ್ಟು ಬಾಗಲಾ ಯಾಕ ಇಟ್ಟಾರವ್ವಾ?’
ಗೊತ್ತಿಲ್ಲ ಮಾಬುಸಾಬ.
ಮೊದಲ ಕಟ್ಟಿದವರಿಗೆ
ಬಂದವರೆಲ್ಲಾ ಬೀಗರು ಅನಿಸಿರಬೇಕು.

ಹಳೇ ಡಬ್ಬಿ ಈಗ ಸ್ಟೂಲಿನ ಕೆಳಗೈತಿ,
ಮ್ಯಾಲ ನೀರಿನ ಹರವಿ.
ಅಧ್ಯಕ್ಷರು ಬಂದಾಗೊಮ್ಮೆ ಕರೇ ಪರದೆ ಬಗ್ಗಿ ನೋಡಿ
ಏನೂ ಕೇಳದ ಹೋಗತಾರ.

ನನಗ ರಾತ್ರಿ ಎರಡಕ್ಕ ಎಚ್ಚರ ಆಗತೈತಿ.
ಓಣಿಯಾಗ ಒಂದು ಪಾವರ್‌ಲೂಮ್ ಬಡಕೋತ ಇರತೈತಿ.
ಫೋನ್ ಬಾರಿಸಿರೂದಿಲ್ಲ.
ಯಾಕ ಬಾರಿಸಿಲ್ಲ ಅಂತ
ಎದ್ದು ನೋಡತೀನಿ.